ಸೂರ್ಯನನ್ನು ಹೊದ್ದ ಮಾಡು



ಕರಾವಳಿಯಲ್ಲಿರುವ ನಮ್ಮ ಹಿರಿಯರ ಮನೆಗೆ ಮಂಗಳೂರು ಹೆಂಚಿನ ಮಾಡು. ನನ್ನ ಅಜ್ಜ ಹೊದಿಸಿದ್ದು. ಕಳೆದ ಬೇಸಗೆಯಲ್ಲಿ ಪಕಾಸಿಗಳಿಗೆ ಗೆದ್ದಲು ಹಿಡಿದು ಅದನ್ನು ಪೂರ್ತಿ ಬಿಚ್ಚಬೇಕಾಯಿತು. ಆಗ ತಮ್ಮನ ಮಗ ಹೇಳಿದ: “ದೊಡ್ಡಪ್ಪ, ಹೇಗೂ ಬಿಚ್ಚಿಸುತ್ತೀರಿ, ಸೌರ ಹೆಂಚನ್ನೇ ಹೊದಿಸಿಬಿಡಿ. ಮನೆಗೆ ಮಾಡೂ ಆಯಿತು, ಕರೆಂಟೂ ಆಯಿತು.” ಹುಡುಗನ ಮಾತು ತಳ್ಳಿಹಾಕುವಂಥದಾಗಿರಲಿಲ್ಲ.

ಬಿಸಿಲನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ ಲೋಕಕ್ಕೆ ತೋರಿಸಿದ್ದು 1954ರಲ್ಲಿ. ಆ ಕೋಶವನ್ನು ಗಾಜಿನ ಹೆಂಚಿನಲ್ಲಿ ಅಡಗಿಸಿ ಟೆಸ್ಲಾ ಕಂಪನಿ 2016ರಲ್ಲಿ ಪ್ರದರ್ಶಿಸಿತು. ನೋಡಲು ಬಲು ಚೆಲುವು. ಆದರೆ ಅಷ್ಟೇ ವಿದ್ಯುತ್ತಿಗೆ ಸಾಮಾನ್ಯ ಸೌರ ಫಲಕಕ್ಕಿಂತ ಇದರ ವೆಚ್ಚ ಬಹಳ ಹೆಚ್ಚು. ಸಣ್ಣ ಸಣ್ಣ ತುಂಡುಗಳು, ನೂರಾರು ಜೋಡಣೆಗಳು, ಕೂಲಿಯೂ ಅಧಿಕ. ಹೊಸ ಮಾಡಿನ ಖರ್ಚನ್ನು ಅದರಿಂದ ಕಳೆಯಬೇಕೆಂಬ ಹುಡುಗನ ವಾದ ನ್ಯಾಯವಾದುದೇ. ಕಳೆದು ನೋಡಿದೆ, ಆಗಲೂ ತಕ್ಕಡಿ ಫಲಕದ ಕಡೆಗೇ ವಾಲಿತು. ಇನ್ನೊಂದು ತೊಡಕು ಬಿಸಿಯದು. ಕೋಶದ ಉಷ್ಣತೆ 25 ಡಿಗ್ರಿಯನ್ನು ಮೀರಿ ಏರಿದ ಪ್ರತಿಯೊಂದು ಡಿಗ್ರಿಗೂ ಉತ್ಪಾದನೆ ಶೇಕಡ 0.3ರಿಂದ 0.4ರಷ್ಟು ಕುಗ್ಗುತ್ತದೆ. ಚೌಕಟ್ಟಿನ ಮೇಲೆ ನಿಂತ ಫಲಕದಡಿ ಗಾಳಿಯಾಡುತ್ತದೆ. ಮಾಡಿಗೆ ಅಂಟಿಕೊಂಡ ಹೆಂಚಿಗೆ ಆ ಸೌಖ್ಯ ಕಡಿಮೆ.

ಇನ್ನು ಬಾಳಿಕೆ. 25 ವರ್ಷದ ಭರವಸೆ ಪತ್ರ ಕೊಡುತ್ತಾರೆ. ಕೋಶಗಳು ಅಷ್ಟು ಕಾಲ ದುಡಿಯುವುದು ಸುಳ್ಳಲ್ಲ. ಆದರೆ ಭರವಸೆಗೂ ಒಂದು ಆಯುಸ್ಸುಂಟು. ಅಮೆರಿಕದ ಡೌ ಕಂಪನಿ 2011ರಲ್ಲಿ ಇಂಥದೇ ಸೌರ ಹೊದಿಕೆಯನ್ನು ಮಾರಾಟಕ್ಕೆ ತಂದು, 2016ರಲ್ಲಿ ನಿಲ್ಲಿಸಿಬಿಟ್ಟಿತು. ಅದೇ ಅಳತೆಯ, ಅದೇ ಜೋಡಣೆಯ ಇನ್ನೊಂದು ತುಂಡಿಗಾಗಿ ಮನೆಯೊಡೆಯ ಎಲ್ಲಿಗೆ ಹೋಗಬೇಕು?

ನಮ್ಮ ಮಾಡನ್ನು ಇಳಿಸುವಾಗ ಹೆಂಚುಗಳನ್ನು ಮಗುಚಿ ನೋಡಿದೆ. ಮೂರು ಬೇರೆ ಬೇರೆ ಕಾರ್ಖಾನೆಗಳ ಮುದ್ರೆಗಳಿದ್ದುವು. ಮೂರೂ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಈ ಕಸುಬನ್ನು ಅನೇಕರು ಕೈಗೆತ್ತಿಕೊಂಡಿದ್ದರಿಂದ, ಒಬ್ಬರ ಹೆಂಚು ಒಡೆದಲ್ಲಿ ಇನ್ನೊಬ್ಬರದು ಕೂತಿತ್ತು. ಪ್ರತಿ ವರ್ಷ ಮಳೆಗೆ ಮೊದಲು ಊರಿನವನೊಬ್ಬ ಏಣಿ ಹತ್ತಿ ಹೆಂಚು ಕೈಯಾಡಿಸಿ ಇಳಿಯುತ್ತಿದ್ದ. ನಮ್ಮ ಮಾಡು ಮೂರು ತಲೆಮಾರು ಬಾಳಿದ್ದು ಹೀಗೆ.

ಕೊನೆಗೆ ಹೊಸ ಪಕಾಸಿಯ ಮೇಲೆ ಹಳೆಯ ಹೆಂಚನ್ನೇ ಏರಿಸಿದೆವು. ಹಿತ್ತಿಲ ಕೊಟ್ಟಿಗೆಯ ತಾರಸಿಯ ಮೇಲೆ ಫಲಕಗಳನ್ನು ನಿಲ್ಲಿಸಿದೆವು. ಹುಡುಗನಿಗೆ ಪೂರ್ಣ ಸಮಾಧಾನವಾಗಲಿಲ್ಲ. “ಹೆಂಚು ಕೈಯಾಡಿಸುವವರು ಊರಿನಲ್ಲಿ ಇಬ್ಬರೇ ಉಳಿದಿದ್ದಾರೆ. ಅವರ ನಂತರ ಯಾರು, ದೊಡ್ಡಪ್ಪ?” ಎಂದು ಕೇಳಿದ.

ನನ್ನ ಲೆಕ್ಕದಲ್ಲಿ ಈ ಬಾಬು ಬಿಟ್ಟುಹೋಗಿತ್ತೆಂದು ಒಪ್ಪಿಕೊಳ್ಳಲೇಬೇಕು. ಈ ಸಲ ಮಳೆಗೆ ಮೊದಲು ಆ ಕೆಲಸದವರ ಜೊತೆಯಲ್ಲಿ ಅವನನ್ನೂ ಏಣಿ ಹತ್ತಿಸಿದೆ. ಆರು ಹೆಂಚು ಒಡೆದು ಇಳಿದು ಬಂದ. ಬದಲಿ ಹೆಂಚು ಕೊಟ್ಟಿಗೆಯಲ್ಲೇ ಇತ್ತು.