ಹಳೆಯ ಹೊಟೆಲಿನ ಒಳಗು



ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಕ್ರೌನ್ ಎಂಬ ಹೆಸರಿನ ಒಂದು ಪಾನಗೃಹವುಂಟು. ವಿಕ್ಟೋರಿಯಾ ರಾಣಿಯ ಕಾಲದ್ದು. ಬಣ್ಣದ ಗಾಜು, ಕೆತ್ತನೆಯ ಮರ, ಗ್ಯಾಸಿನ ದೀಪ, ಗಿರಾಕಿಗಳು ಮರೆಯಲ್ಲಿ ಕುಳಿತುಕೊಳ್ಳಲು ಬಾಗಿಲುಳ್ಳ ಪುಟ್ಟ ಗೂಡುಗಳು, ಮಾಣಿಯನ್ನು ಕರೆಯಲು ಗಂಟೆ, ಇವೆಲ್ಲವನ್ನೂ ಅಲ್ಲಿ ಜೋಪಾನವಾಗಿ ಉಳಿಸಿದ್ದಾರೆ. ಹಳೆಯ ಅರಮನೆ ಬಂಗಲೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ೧೯೭೮ರಲ್ಲಿ ಅದನ್ನು ತನ್ನದಾಗಿಸಿಕೊಂಡಿತು. ಇಂದಿಗೂ ಅಲ್ಲಿ ವ್ಯಾಪಾರ ನಡೆದೇ ಇದೆ.

ಕುಡಿಯುವ ಜಾಗಕ್ಕೆ ಇಷ್ಟು ಮರ್ಯಾದೆಯೆ ಎಂದು ತಾವು ಹುಬ್ಬೇರಿಸಬಹುದು. ನಮ್ಮ ಕಡೆ ಈಚಲು ತೋಪಿನ ಹೆಂಡದಂಗಡಿಗೆ ತಡಿಕೆಯೇ ಗೋಡೆ. ಕಾಪಾಡೋಣವೆಂದರೂ ಅಲ್ಲಿ ಏನಿತ್ತು? ಸಾರಾಯಿ ಅಂಗಡಿಗಳಂತೂ ೨೦೦೭ರಲ್ಲಿ ಸರ್ಕಾರದ ಆಜ್ಞೆಯಿಂದ ಮುಚ್ಚಿಹೋದುವು. ಆದರೂ ಆ ಕಸುಬು ಕನ್ನಡಕ್ಕೆ ಹೆಂಡದ ಮಾರಯ್ಯನೆಂಬ ವಚನಕಾರನನ್ನು ಕೊಟ್ಟಿತೆಂಬುದನ್ನು, ಕನ್ನಡ ಮೇಷ್ಟ್ರಾದ ನಾನು, ಹೇಳದೆ ಮುಂದೆ ಹೋಗಲಾರೆ.

ಆ ನಾಡಿನ ಜನ ಪಾನಗೃಹದಲ್ಲಿ ಅರಸಿದ್ದು ಬರಿಯ ಮದ್ಯವನ್ನಲ್ಲ. ಮನೆಯ ಹೊರಗೆ ಇನ್ನೊಂದು ಮನೆಯನ್ನು. ನಾವು ಅದನ್ನು ಕಾಫಿ ಹೊಟೆಲಿನಲ್ಲಿ ಕಂಡುಕೊಂಡೆವು. ಹೊಟೆಲು ಎಂದರೆ ಇಂಗ್ಲಿಷಿನವನಿಗೆ ತಂಗುವ ಜಾಗ. ನಮಗೆ ತಿನ್ನುವ ಜಾಗ. ಅಲ್ಲಿಯ ಬೆಂಚು ಇಂಗ್ಲಿಷಿನಿಂದ ಬಂದದ್ದು, ಕುರ್ಚಿ ಅರಬ್ಬಿಯಿಂದ. ದೋಸೆ ಮಾತ್ರ ನಮ್ಮದೇ. ೧೨ನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರ ರಚಿಸಿದ ಮಾನಸೋಲ್ಲಾಸದಲ್ಲಿ ಧೋಸಕವೆಂಬ ತಿನಿಸು ಬರುತ್ತದೆ.

ಇಂಥ ಮನೆಗಳಲ್ಲಿ ಒಳಗು ಕೆಡದೆ ಉಳಿದದ್ದು ಯಾವುದು ಎಂದು ಕೇಳಿದರೆ ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು ನಾನು ಮೊದಲು ಹೆಸರಿಸುತ್ತೇನೆ. ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ರಾಜಧಾನಿಗೆ ಹೋದಾಗಲೆಲ್ಲ ಬಸವನಗುಡಿಗೆ ಒಂದು ಪ್ರದಕ್ಷಿಣೆ ಹಾಕುವುದು ನನ್ನ ಪದ್ಧತಿ. ೧೯೪೩ರಲ್ಲಿ ಸಾಲಿಗ್ರಾಮದ ವೆಂಕಟರಮಣ ಉರಾಳರು ಅದನ್ನು ಪ್ರಾರಂಭಿಸಿದರು. ಸುತ್ತಲ ಶಾಲೆಗಳ ಹುಡುಗರೇ ಗಿರಾಕಿಗಳು. ಆದ್ದರಿಂದ ಆ ಹೆಸರು. ೧೯೭೦ರಲ್ಲಿ ರಾಮಕೃಷ್ಣ ಅಡಿಗರು ವಹಿಸಿಕೊಂಡರು. ಕೈ ಬದಲಾಯಿತು, ಬೋರ್ಡು ಬದಲಾಗಲಿಲ್ಲ, ಜಾಗವೂ ಬದಲಾಗಲಿಲ್ಲ.

ಒಳಗೆ ಕಾಲಿಟ್ಟರೆ ಅಂಥ ವೈಭವವೇನೂ ಕಾಣದು. ಇಕ್ಕಟ್ಟಾದ ಹಜಾರ, ಒತ್ತೊತ್ತಾಗಿ ಹಾಕಿದ ಮೇಜು ಕುರ್ಚಿ, ಗೋಡೆಯ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳು. ಪಂಚೆಯುಟ್ಟ ಮಾಣಿ ಅಂಗೈಯಿಂದ ತೋಳಿನವರೆಗೆ ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಸಂದಿಗೊಂದಿಯಲ್ಲಿ ನುಸುಳಿ ಬರುತ್ತಾನೆ. ಜಾಗ ವಿಶಾಲವಾಗಿದ್ದರೆ ಆ ವಿದ್ಯೆ ಹುಟ್ಟುತ್ತಲೇ ಇರಲಿಲ್ಲವೆಂದು ನನ್ನ ಅನುಮಾನ. ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಹೆಸರು ಬರೆಸಿ, ಕೂಗುವ ತನಕ ಕಾಯಬೇಕು. ಕರೆ ಬಂದಾಗ ಅಪರಿಚಿತರ ಮೇಜಿಗೇ ಹೋಗಿ ಕೂರಬೇಕು. ಅಧಿಕಾರಿಯೂ ಆಟೋ ಚಾಲಕನೂ ಎದುರುಬದುರು. ಶುಕ್ರವಾರ ರಜೆ. ದೊಡ್ಡದು ಮಾಡಿ, ಹವಾನಿಯಂತ್ರಣ ಹಾಕಿ, ಎರಡಂತಸ್ತು ಏರಿಸಿದ್ದರೆ ಲಾಭ ಬರುತ್ತಿತ್ತೇನೋ, ಇದೆಲ್ಲ ಹೋಗುತ್ತಿತ್ತು.

ಒಳಗನ್ನು ಹೊತ್ತುಕೊಂಡು ಬೇರೆಡೆಗೆ ಹೋಗಬಹುದೆ? ಅದಕ್ಕೂ ಬೆಂಗಳೂರಿನಲ್ಲೇ ನಿದರ್ಶನವುಂಟು. ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ ನೌಕರರ ಸಹಕಾರ ಸಂಘದ್ದು. ಬಾಡಿಗೆಯ ಕಟ್ಟಡವನ್ನು ೨೦೦೯ರಲ್ಲಿ ತೆರವು ಮಾಡಬೇಕಾಯಿತು. ಅದೇ ವರ್ಷ ಹತ್ತಿರದ ಚರ್ಚ್ ಸ್ಟ್ರೀಟಿನಲ್ಲಿ ಮತ್ತೆ ತೆರೆದರು. ರುಮಾಲು ಸುತ್ತಿದ ಮಾಣಿಗಳು ಬಂದರು, ಕಾಫಿ ಬಂದಿತು, ನೌಕರರ ಅನ್ನ ಉಳಿಯಿತು. ಇದು ಸಣ್ಣ ಮಾತಲ್ಲ. ಆದರೆ ಕಿಟಕಿಯ ಬದಿಯಲ್ಲಿ ಕುಳಿತು ಆ ರಸ್ತೆಯ ಜನಸಂಚಾರ ನೋಡುತ್ತಿದ್ದವರಿಗೆ ಆ ಕಿಟಕಿ ಮಾತ್ರ ಬರಲಿಲ್ಲ. ಸ್ವಂತ ಕಟ್ಟಡವಿಲ್ಲದ ಹೊಟೆಲಿನ ಆಯುಷ್ಯ ಕರಾರುಪತ್ರದ ಆಯುಷ್ಯವೇ ಸರಿ.

ಈಗ ನಮ್ಮ ದಾವಣಗೆರೆಗೆ ಬರೋಣ. ೧೯೨೮ರ ಸುಮಾರಿಗೆ ಬೆಳಗಾವಿಯ ಕಡೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹಾಕಿ ಮಾರಿದಳೆಂದೂ, ಮುಂದೆ ಅವಳ ಮಕ್ಕಳ ಕಾಲದಲ್ಲಿ ರಾಗಿ ಹೋಗಿ ಅಕ್ಕಿಯೂ ಬೆಣ್ಣೆಯೂ ಬಂದುವೆಂದೂ ಊರಿನಲ್ಲಿ ಹೇಳುತ್ತಾರೆ. ಬೆಣ್ಣೆ ದೋಸೆಯ ಹೆಸರು ಇಂದು ಊರೂರಿನ ಬೋರ್ಡುಗಳಲ್ಲಿದೆ. ಅದು ಬೆಳೆದ ಹಜಾರಗಳ ಗತಿ? ಸೌದೆಯ ಒಲೆ, ಅಗಲವಾದ ಕಬ್ಬಿಣದ ಹಂಚು, ಗಿರಾಕಿಯ ಕಣ್ಣೆದುರೇ ಬೆಣ್ಣೆ ಬೀಳುವ ಸದ್ದು, ಇವೂ ಆ ರುಚಿಯ ಪಾಲುದಾರರು. ಗೋಡೆಗೆ ಹೊಳೆಯುವ ಹಾಸುಬಿಲ್ಲೆ ಹಚ್ಚಿ, ಒಲೆಯನ್ನು ಹಿಂದಕ್ಕೆ ತಳ್ಳಿದರೆ ದೋಸೆ ಎಲ್ಲಿಂದಲೋ ಬಂದ ಪರದೇಶಿಯಾಗುತ್ತದೆ. ಶುಚಿ ಬೇಡವೆನ್ನುವ ಮೂರ್ಖ ನಾನಲ್ಲ. ನಲ್ಲಿ ಹೊಸದಾಗಲಿ, ಹೊಗೆ ಹೋಗಲು ದಾರಿಯಾಗಲಿ. ಹಳೆಯ ಬೆಂಚಿಗೆ ಮೊಳೆ ಹೊಡೆದರೆ ಇನ್ನಿಪ್ಪತ್ತು ವರ್ಷ ಬಾಳುತ್ತದೆ.

ನಿಟ್ಟುವಳ್ಳಿಯ ನಮ್ಮ ಮಕ್ಕಳಿಗೆ ಪ್ರಬಂಧಕ್ಕೆ ಕೋಟೆ, ದೇವಾಲಯಗಳ ವಿಷಯವನ್ನೇ ಕೊಡುವುದು ವಾಡಿಕೆ. ಈ ವರ್ಷ ಅದರೊಡನೆ ಊರಿನ ಹಳೆಯ ಹೊಟೆಲೊಂದನ್ನು ನೋಡಿ, ಮೇಜು ಎಷ್ಟು, ಬೋರ್ಡು ಯಾವ ವರ್ಷದ್ದು, ಒಲೆ ಯಾವ ಮೂಲೆಯಲ್ಲಿದೆ ಎಂದು ಮಾಲೀಕರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಹೇಳಿದ್ದೇನೆ. ತಂದೆತಾಯಿಗಳು ಮಕ್ಕಳ ಕೈಗೆ ಒಂದು ದೋಸೆಯ ಹಣ ಕೊಟ್ಟು ಕಳುಹಿಸಬೇಕಾಗಿ ಪ್ರಾರ್ಥನೆ.