ಯಾವ ಸತ್ಯವೇದ ಸತ್ಯ?

ಸಕಲೇಶಪುರ, ಆಲೂರು ಕಡೆಯ ಕ್ರೈಸ್ತರೆಲ್ಲ ಒಂದೇ ದಾರಿಯಲ್ಲಿ ಬಂದವರಲ್ಲ. ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ಯಾಥೊಲಿಕರು, ಕಾಫಿ ತೋಟದ ಲೈನುಗಳಲ್ಲಿ ನೆಲೆಸಿದ ತಮಿಳರು, ಹಾಸನದ ವೆಸ್ಲಿಯನ್ ಮಿಷನ್ನಿನ ನೆರಳಲ್ಲಿ ಬೆಳೆದ ಕನ್ನಡಿಗರು, ಈಚೆಗೆ ಪೆಂತೆಕೊಸ್ತ್ ಸಭೆಯವರು. ಹಾಡು ಬೇರೆ, ಪೂಜೆಯ ಕ್ರಮ ಬೇರೆ. ಆದರೂ ಒಂದು ದೂರು ಮಾತ್ರ ಹಲವು ಬಾಯಲ್ಲಿ ಕೇಳಿಬರುತ್ತದೆ: "ಹಳೇ ಸತ್ಯವೇದವೇ ಸರಿ, ಹೊಸದರಲ್ಲಿ ವಾಕ್ಯ ಕಿತ್ತು ಹಾಕಿದ್ದಾರೆ." ಸತ್ಯವೇದವೆಂದರೆ ಕನ್ನಡದ ಬೈಬಲ್. ಈ ಹೊತ್ತು ಆ ದೂರಿನ ಚರಿತ್ರೆ ಹೇಳುತ್ತೇನೆ.

ಮೊದಲ ಪ್ರಶ್ನೆ, ಹಳೆಯದು ಅಂದರೆ ಯಾವುದು? ಬಂಗಾಳದ ಸೆರಾಂಪುರದಲ್ಲಿ ಕೂತ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕ್ಯಾರಿ ಕನ್ನಡನಾಡನ್ನು ಕಣ್ಣಿಂದ ಕಂಡವರೇ ಅಲ್ಲ. ಪಂಡಿತರನ್ನು ಜೊತೆಗಿಟ್ಟುಕೊಂಡು ಹೊಸ ಒಡಂಬಡಿಕೆಯನ್ನು ಕನ್ನಡಕ್ಕೆ ತಂದರು. 1812ರಲ್ಲಿ ಅವರ ಅಚ್ಚುಕೂಟಕ್ಕೆ ಬೆಂಕಿ ಬಿದ್ದಾಗ ಆ ಕನ್ನಡ ಹಸ್ತಪ್ರತಿಯೂ ಸುಟ್ಟುಹೋಯಿತು. ಮತ್ತೆ ಬರೆಸಿದರು, 1823ರ ಹೊತ್ತಿಗೆ ಅಚ್ಚಾಯಿತು. ಅಷ್ಟರಲ್ಲಿ ಬಳ್ಳಾರಿಯಲ್ಲಿ ಇನ್ನೊಬ್ಬರು ಕೆಲಸಕ್ಕೆ ಕೈಹಾಕಿದ್ದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, 1810ರಲ್ಲಿ ಅಲ್ಲಿಗೆ ಬಂದವರು. ಸುತ್ತ ಕನ್ನಡ ಕೇಳುತ್ತಲೇ ಅನುವಾದಿಸಿದರು. ಜೊತೆಗೆ ನಿಂತವರು ನಿಘಂಟುಕಾರ ವಿಲಿಯಂ ರೀವ್. 1830ರ ದಶಕದ ಆರಂಭಕ್ಕೆ ಪೂರ್ಣ ಬೈಬಲ್ ಕನ್ನಡದಲ್ಲಿ ಸಿಕ್ಕಿತು. ಹೀಗೆ ಕನ್ನಡದಲ್ಲಿ ಬೈಬಲ್ ಕಣ್ಣುಬಿಡುವಾಗಲೇ ಎರಡು ಪಾಠ ಇದ್ದವು.

ಬಳ್ಳಾರಿಯ ಪಾಠವಾದರೂ ಎಲ್ಲರಿಗೂ ಒಪ್ಪಿಗೆಯಾಯಿತೇ? ಇಲ್ಲ. ಹಳಗನ್ನಡ ಕಾವ್ಯಗಳನ್ನು ಅಚ್ಚು ಹಾಕಿಸುತ್ತಿದ್ದ ಬಾಸೆಲ್ ಮಿಷನ್ನಿನ ಮೊಗ್ಲಿಂಗ್, ವೈಗ್ಲೆ ಅವರಂಥವರ ಕಿವಿಗೆ ಅದು ಹಿಡಿಸಲಿಲ್ಲ. 1850ರ ದಶಕದಲ್ಲಿ ತಿದ್ದುವ ಕೆಲಸ ನಡೆಯಿತು. ವೈಗ್ಲೆ 1855ರಲ್ಲಿ ತೀರಿಕೊಂಡರು, ತಿದ್ದುವುದು ನಿಲ್ಲಲಿಲ್ಲ. ಇಂದು ಅಜ್ಜಿಯರ ಕಂಠಪಾಠದಲ್ಲಿರುವ ಸತ್ಯವೇದ ಹೀಗೆ ಹಲವು ಸಲ ತಿದ್ದಿಸಿಕೊಂಡು ಬಂದದ್ದು. ಒಂದು ಕಾಲಕ್ಕೆ ಅದೂ ಹೊಸದೇ.

ಬೇರೆಡೆಯೂ ಇದೇ ಕಥೆ. ಲ್ಯಾಟಿನ್ ಅನುವಾದಕ ಜೆರೋಮ್ ಯೋನನ ಕಥೆಯಲ್ಲಿ ಒಂದು ಬಳ್ಳಿಯ ಹೆಸರು ಬದಲಿಸಿದ್ದಕ್ಕೆ ಆಫ್ರಿಕಾದ ಒಂದು ಸಭೆಯಲ್ಲಿ ಗಲಾಟೆಯೆದ್ದಿತೆಂದು ಬಿಷಪ್ ಅಗಸ್ಟೀನರೇ ಅವರಿಗೆ ಕಾಗದ ಬರೆದರು. ಅದು 5ನೆಯ ಶತಮಾನದ ಮಾತು. ಸೆರಾಂಪುರದ ಬ್ಯಾಪ್ಟಿಸ್ಟರು ದೀಕ್ಷಾಸ್ನಾನಕ್ಕೆ 'ಮುಳುಗಿಸು' ಎಂಬ ಅರ್ಥದ ಪದ ಬಳಸಿದ್ದು ಲಂಡನ್ನಿನ ಬೈಬಲ್ ಸೊಸೈಟಿಗೆ ಸರಿಬರಲಿಲ್ಲ. ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. 1952ರಲ್ಲಿ ಅಮೆರಿಕದ ಪಾಸ್ಟರ್ ಒಬ್ಬರು ಹೊಸ ಇಂಗ್ಲಿಷ್ ಬೈಬಲಿನ ಯೆಶಾಯನ ಹಾಳೆಯನ್ನೇ ಹರಿದು ಸುಟ್ಟರು. 'ಕನ್ಯೆ' ಇರಬೇಕಾದಲ್ಲಿ 'ಯುವತಿ' ಬಂದಿತ್ತು.

ಈಗ 'ಕಿತ್ತು ಹಾಕಿದ' ವಾಕ್ಯಗಳ ವಿಚಾರಕ್ಕೆ ಬರೋಣ. ಇಲ್ಲಿ ಎರಡು ಜಗಳಗಳು ಒಂದರೊಳಗೊಂದು ಸೇರಿಕೊಂಡಿವೆ ಎಂದು ನನಗನ್ನಿಸುತ್ತದೆ. ಯಾವ ಗ್ರೀಕ್ ಪ್ರತಿಯನ್ನು ನಂಬಬೇಕು ಎಂಬುದು ಒಂದು. ನಂಬಿದ್ದನ್ನು ಯಾವ ಕನ್ನಡದಲ್ಲಿ ಹೇಳಬೇಕು ಎಂಬುದು ಇನ್ನೊಂದು. ವಿದ್ವಾಂಸ ಎರಾಸ್ಮಸ್ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದಾಗ ಕೈಗೆ ಸಿಕ್ಕಿದ್ದು ತಡವಾಗಿ ನಕಲಾದ ಕೆಲವೇ ಪ್ರತಿಗಳು. ಸೀನಾಯ್ ಬೆಟ್ಟದ ಮಠದಲ್ಲಿದ್ದ 4ನೆಯ ಶತಮಾನದ ಪ್ರತಿ ಜರ್ಮನ್ ವಿದ್ವಾಂಸ ಟಿಶನ್‌ಡಾರ್ಫರ ಕಣ್ಣಿಗೆ ಬಿದ್ದದ್ದು 19ನೆಯ ಶತಮಾನದಲ್ಲಿ. ಮಾರ್ಕನ ಕೊನೆಯ 12 ವಚನಗಳು ಅದರಲ್ಲಿಲ್ಲ. ಯೋಹಾನನ ಮೊದಲ ಪತ್ರಿಕೆಯಲ್ಲಿ ಪರಲೋಕದ ಮೂವರು ಸಾಕ್ಷಿಗಳ ಮಾತನ್ನು ಎರಾಸ್ಮಸ್ ಮೊದಲು ಬಿಟ್ಟು, ಟೀಕೆ ಬಂದ ಮೇಲೆ 1522ರ ಮೂರನೆಯ ಮುದ್ರಣದಲ್ಲಿ ಸೇರಿಸಿದರು. ಕನ್ನಡದಲ್ಲಿ ಈಗ ಚಾಲ್ತಿಯಲ್ಲಿರುವ ಹಳೆಯ ಶೈಲಿಯ ಸತ್ಯವೇದದಲ್ಲೂ ಆ ಮಾತು ಇಲ್ಲ! ಆ ಮಾತನ್ನು ಉಳಿಸಿಕೊಂಡಿರುವ ಕಿಂಗ್ ಜೇಮ್ಸ್ ಬೈಬಲೇ ಸರಿ ಎಂಬ ಇಂಗ್ಲಿಷಿನವರ ವಾದವನ್ನು ಹಾಗೇ ಎತ್ತಿ ತಂದು ಹಳೆಯ ಕನ್ನಡ ಪಾಠದ ಪರ ವಾದಿಸುವವರು ಒಮ್ಮೆ ಆ ಪುಟ ತೆರೆದು ನೋಡಬೇಕು.

ಎರಡನೆಯ ಜಗಳ ಹೆಚ್ಚು ನೋಯಿಸುವಂಥದ್ದು. ಹಳೆಯದರಲ್ಲಿ ದೇವರ ಹೆಸರು ಯೆಹೋವ. ಬೈಬಲ್ ಸೊಸೈಟಿಯ ಸರಳ ಕನ್ನಡದ ಅನುವಾದದಲ್ಲಿ ಸರ್ವೇಶ್ವರ. ನೊಂದ ಹೊತ್ತಿನಲ್ಲಿ ಯೆಹೋವ ಎಂದು ಕರೆದು ರೂಢಿಯಾದ ಬಾಯಿಗೆ ಈ ಬದಲಾವಣೆ ಸುಲಭವೇನಲ್ಲ. ಹಾಗೆ ಕರೆಯುವವರನ್ನು ಮೂಢರೆನ್ನಲು ನಾನು ತಯಾರಿಲ್ಲ. ಆದರೆ ಯೆಹೂದ್ಯರು ದೇವರ ಹೀಬ್ರೂ ಹೆಸರನ್ನು ಉಚ್ಚರಿಸದೆ 'ಒಡೆಯ' ಎಂಬರ್ಥದ ಅದೋನಾಯ್ ಎಂದು ಓದುತ್ತಿದ್ದರು. ಆ ಪದದ ಸ್ವರಗಳನ್ನು ಮೂಲ ವ್ಯಂಜನಗಳಿಗೆ ಕೂಡಿಸಿದಾಗ ಹುಟ್ಟಿದ ರೂಪವೇ ಯೆಹೋವ.

ಬೈಬಲಿನಲ್ಲಿ ಎಷ್ಟು ಪುಸ್ತಕ ಎಂಬುದರಲ್ಲೂ ಕ್ಯಾಥೊಲಿಕರ ಎಣಿಕೆ ಬೇರೆ: ಅವರಿಗೆ 73 ಪುಸ್ತಕ, ಪ್ರಾಟೆಸ್ಟೆಂಟರಿಗೆ 66. ಎರಡನೆಯ ವ್ಯಾಟಿಕನ್ ಸಭೆ ಮುಗಿದ ಮೂರು ವರ್ಷಕ್ಕೆ, 1968ರಲ್ಲಿ, ಇಬ್ಬರೂ ಕೂಡಿ ಅನುವಾದಿಸುವ ನಿಯಮಗಳಾದವು. ಹೆಚ್ಚುವರಿ ಪುಸ್ತಕಗಳನ್ನು ಬೇರೆ ಭಾಗವಾಗಿ ಹೊಸ ಒಡಂಬಡಿಕೆಗೆ ಮುಂಚೆ ಇಡುವುದೆಂದು ಒಪ್ಪಿದರು. ಈ ಒಪ್ಪಂದವೇ ಕೆಲವರಿಗೆ ಹೊಸ ಅನುಮಾನ ತಂದಿತು: ಫಾದರ್‌ಗಳು ಕೈಯಾಡಿಸಿದ್ದನ್ನು ನಾವು ಹೇಗೆ ಓದುವುದು ಎಂದು. ಎಷ್ಟೋ ಸಭೆಗಳು ಈ ಹಳೆಯದು-ಹೊಸದರ ಜಗಳಕ್ಕೆ ತಮ್ಮದೇ ಉಪಾಯ ಕಂಡುಕೊಂಡಿವೆ. ಆರಾಧನೆಯಲ್ಲಿ ಓದುವುದು ಹಳೆಯದು, ಸಂಡೇ ಸ್ಕೂಲಿನಲ್ಲಿ ಅರ್ಥ ಹೇಳಲು ಹೊಸದು.