ಅಗಲಿದ ಬಂಧುಗಳನ್ನು ಅರಸುತ್ತ
(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂತ ಮತ್ತಾಯನ ಶುಭಸಂದೇಶವು ವಂಶಾವಳಿಯಿಂದಲೇ ಆರಂಭವಾಗುತ್ತದೆ. ನಮ್ಮ ಉತ್ತರ ಕರ್ನಾಟಕದಲ್ಲಿಯೂ ಹೆಳವರು ಎತ್ತನ್ನೇರಿ ಮನೆಮನೆಗೆ ಬಂದು, ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಹಿರಿಯರನ್ನು ನೆನೆಯುವುದು ನಮ್ಮ ನಾಡಿಗಾಗಲಿ ನಮ್ಮ ವಿಶ್ವಾಸಕ್ಕಾಗಲಿ ಹೊಸದಲ್ಲ.

ಆದರೂ ನಮ್ಮಲ್ಲಿ ಅನೇಕರಿಗೆ ಅಜ್ಜನ ಹೆಸರಿನಿಂದಾಚೆಗೆ ಏನೂ ತಿಳಿಯದು. ಹೊಟ್ಟೆಪಾಡಿಗಾಗಿ ಹೈದರಾಬಾದ್, ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ಹೋದವರಲ್ಲಿ ಕೆಲವರು ಮರಳಿ ಬರಲಿಲ್ಲ. ಮೊದಲು ಪತ್ರಗಳು ಬಂದವು. ಅನಂತರ ಅವೂ ನಿಂತುಹೋದವು. ಒಡಹುಟ್ಟಿದವನು ಇರುವನೋ ಇಲ್ಲವೋ ಎಂದು ಅರಿಯದೆಯೇ ಕಣ್ಣು ಮುಚ್ಚಿದವರುಂಟು.

ಇಂಥವರನ್ನು ಹುಡುಕಲು ಮೊದಲ ಬಾಗಿಲು ದೇವಾಲಯದ ಜ್ಞಾನಸ್ನಾನದ ರಿಜಿಸ್ಟರು. ಜ್ಞಾನಸ್ನಾನ ಮತ್ತು ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು 1563ರಲ್ಲಿಯೇ ಟ್ರೆಂಟ್ ಮಹಾಸಭೆಯು ವಿಧಿಸಿತು. ಅದರಲ್ಲಿ ಮಗುವಿನ ಹೆಸರಿನೊಡನೆ ತಂದೆತಾಯಿಯರ, ಜ್ಞಾನ ತಂದೆತಾಯಿಯರ ಹೆಸರುಗಳೂ ಇರುತ್ತವೆ. ಜ್ಞಾನ ತಂದೆತಾಯಿಯರು ಹಲವು ಸಲ ಹತ್ತಿರದ ನೆಂಟರೇ ಆಗಿರುತ್ತಾರೆ. ಅದಕ್ಕಿಂತ ಮುಖ್ಯವಾದುದು ಪುಟದ ಅಂಚು. ಒಬ್ಬನು ಪರಊರಿನ ದೇವಾಲಯದಲ್ಲಿ ವಿವಾಹವಾದರೆ, ಅಲ್ಲಿಯ ಗುರುಗಳು ಅವನ ಜ್ಞಾನಸ್ನಾನವಾದ ಧರ್ಮಕೇಂದ್ರಕ್ಕೆ ತಿಳಿಸಬೇಕು. ಇಲ್ಲಿಯವರು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535 ಮತ್ತು 1122ನೆಯ ವಿಧಿಗಳು ಹೀಗೆ ಹೇಳುತ್ತವೆ. ಆದುದರಿಂದ ಮುಂಬಯಿಯಲ್ಲಿ ಮರೆಯಾದವನ ಸುಳಿವು ಇಲ್ಲಿಯ ಪುಟದ ಅಂಚಿನಲ್ಲಿಯೇ ದೊರೆತೀತು. ಅಲ್ಲಿಂದ ಆ ಧರ್ಮಕೇಂದ್ರಕ್ಕೆ ಪತ್ರ ಬರೆದರೆ, ಅವನ ಮಕ್ಕಳ ಜ್ಞಾನಸ್ನಾನದವರೆಗೂ ದಾರಿ ತೆರೆದೀತು. ಗುಲ್ಬರ್ಗ ಧರ್ಮಕ್ಷೇತ್ರವು ಸ್ಥಾಪನೆಯಾದುದು 2005ರಲ್ಲಿ. ಅದಕ್ಕೆ ಮೊದಲು ಬೀದರ್ ಜಿಲ್ಲೆಯು ಹೈದರಾಬಾದ್ ಮಹಾಧರ್ಮಕ್ಷೇತ್ರಕ್ಕೆ ಸೇರಿತ್ತು. ಹಳೆಯ ವಿಷಯಗಳನ್ನು ಅಲ್ಲಿಯೂ ವಿಚಾರಿಸಬೇಕಾದೀತು. ನಮ್ಮ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಯವರೊಡನೆ ನೆಂಟಸ್ತಿಕೆ ಇದ್ದ ಮನೆಗಳವರು ಆ ಸಭೆಯ ದಾಖಲೆಗಳನ್ನೂ ಕೇಳಿ ನೋಡಬೇಕು.

ಎರಡನೆಯ ಬಾಗಿಲು ಜಮೀನಿನ ಕಾಗದಪತ್ರ. 1948ರವರೆಗೆ ಇದು ನಿಜಾಮರ ಸೀಮೆ. ಅಂದಿನ ಸರಕಾರಿ ಭಾಷೆ ಉರ್ದು; ವರ್ಷ ಫಸಲಿ. ಫಸಲಿಗೆ 590 ಕೂಡಿಸಿದರೆ ಸುಮಾರಾಗಿ ನಮ್ಮ ಇಸವಿ ಬರುತ್ತದೆ. 1350 ಫಸಲಿ ಎಂದರೆ 1940ರ ಸುಮಾರು. ಆಸ್ತಿ ವಾರಸುದಾರರಿಗೆ ವರ್ಗವಾದ ಕಡೆ ಅಣ್ಣತಮ್ಮಂದಿರ ಹೆಸರುಗಳು ಒಟ್ಟಿಗೆ ಕಾಣಸಿಗುತ್ತವೆ. ಉರ್ದು ಬಲ್ಲ ಹಿರಿಯರಿಂದ ಅವನ್ನು ಓದಿಸಿಕೊಳ್ಳಬೇಕು.

ಹೆಸರಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮನೆಯಲ್ಲಿ ಕರೆಯುವ ಹೆಸರು ಒಂದು, ಜ್ಞಾನಸ್ನಾನದ ಹೆಸರು ಇನ್ನೊಂದು, ಶಾಲೆಯಲ್ಲಿ ಬರೆಸಿದ್ದು ಮತ್ತೊಂದು ಆಗಿರಬಹುದು. ಮೂರನ್ನೂ ಬಲ್ಲವರು ಮನೆಯ ವೃದ್ಧರು. ಪುಸ್ತಕಗಳು ಕಾದಾವು, ಅವರು ಕಾಯಲಾರರು. ಆದ್ದರಿಂದ ಈ ವಾರವೇ ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳೋಣ. ಬಳಿಕ ಗುರುಗಳ ಅಪ್ಪಣೆ ಪಡೆದು ರಿಜಿಸ್ಟರು ನೋಡೋಣ. ದೊರೆತವರ ವಿಳಾಸವನ್ನು ಅವರ ಒಪ್ಪಿಗೆಯಿಲ್ಲದೆ ಸಾರದಿರೋಣ. ದೂರ ಉಳಿಯಲು ಅವರಿಗೂ ಕಾರಣವಿದ್ದೀತು.

ಬದುಕಿರುವವರು ದೊರೆತರೆ ಮನೆಗೆ ಕರೆಯೋಣ. ತೀರಿಕೊಂಡಿದ್ದರೆ ನವೆಂಬರ್ 2ರ ಬಲಿಪೂಜೆಯಲ್ಲಿ ಅವರನ್ನು ಹೆಸರು ಹಿಡಿದು ನೆನೆಯೋಣ. ದೇವರು ನಮ್ಮ ಪ್ರಯತ್ನವನ್ನು ಆಶೀರ್ವದಿಸಲಿ.